ಎದೆ ಮೇಲೆ ಕೂತ ವಿಲನ್!

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಒಂದು ಪ್ರಶ್ನೆ ಮಾತ್ರ ತಪ್ಪದೆ ಇರುತ್ತೆ. "ಸಾರ್, ಇಂಗ್ಲಿಷ್ ಪಿಕ್ಚರ್ ತೆಗೆಯೋರಿಗೆ ಇಂಥ ಪ್ರಾಣಿಗಳು, ಪಿಶಾಚಿಗಳು, ಕಬ್ಬಿಣದ ರಾಕ್ಷಸರು ಎಲ್ಲಿಂದ ಹೊಳೀತಾವೆ? ರಾತ್ರಿ ಊಟಕ್ಕೆ ಏನು ತಿಂತಾರೆ ಅವರು?"

ಇನ್ನೊಂದು ಥರದ ಕಾಗದಾನೂ ಬರುತ್ತೆ. ಅದರಲ್ಲಿ ಸಾಮಾನ್ಯವಾಗಿ ಹೆಸರು, ಊರು ಇರೋದಿಲ್ಲ. "ನಡುರಾತ್ರೀಲಿ ಎಚ್ಚರ ಆಗುತ್ತೆ ಸಾರ್. ಕಣ್ಣು ಬಿಟ್ಟಿರ್ತೀನಿ. ಕೈಕಾಲು ಅಲ್ಲಾಡೋಲ್ಲ. ಕೂಗೋಣ ಅಂದ್ರೆ ಗಂಟಲಿಂದ ಸ್ವರ ಬರೋಲ್ಲ. ಯಾರೋ ಎದೆ ಮೇಲೆ ಕೂತಿದಾರೆ. ಮನೇಲಿ ಹೇಳಿದ್ರೆ ತಾಯತ ಕಟ್ಟಿಸ್ತಾರೆ, ಸ್ನೇಹಿತರಿಗೆ ಹೇಳಿದ್ರೆ ನಗ್ತಾರೆ..."

ಮೊದಲನೆಯವನು ಖುಷಿಗೆ ಕೇಳ್ತಾನೆ, ಎರಡನೆಯವನು ಭಯಕ್ಕೆ. ಆದರೆ ಮಿತ್ರರೇ, ಇಬ್ಬರಿಗೂ ಉತ್ತರ ಒಂದೇ ಕಡೆ ಇದೆ. ಬೆಳ್ಳಿತೆರೆಯ ಎಷ್ಟೋ ದೊಡ್ಡ ದೊಡ್ಡ ರಾಕ್ಷಸರು ಹುಟ್ಟಿದ್ದು ಯಾರೋ ಒಬ್ಬರು ಬೆವತು, ಬೆಚ್ಚಿ ಎದ್ದ ರಾತ್ರಿಯಲ್ಲೇ. ಈ ವಾರ ಅವರದೇ ಸಮಾಚಾರ.

ಒಂದು ಡಾಲರಿಗೆ ಹೋದ ಕನಸು

1981. ಇಟಲಿ ದೇಶದ ರೋಮ್ ನಗರ. ಇನ್ನೂ ಮೂವತ್ತು ತುಂಬದ ಒಬ್ಬ ಹುಡುಗ ಹೋಟೆಲ್ ರೂಮಿನಲ್ಲಿ ಜ್ವರ ಬಂದು ಮಲಗಿದ್ದಾನೆ. ಒಂದು ಕಾಲಕ್ಕೆ ಲಾರಿ ಓಡಿಸಿದವನು. ಸಿನಿಮಾ ಹುಚ್ಚು ಹಿಡಿದು ಬಂದವನಿಗೆ ಹಾರುವ ಪಿರಾನಾ ಮೀನುಗಳ ಒಂದು ಲೊಟ್ಟೆ ಪಿಕ್ಚರಿನ ಡೈರೆಕ್ಷನ್ ಸಿಕ್ಕಿತ್ತು, ಅದೂ ನೆಟ್ಟಗಾಗಲಿಲ್ಲ. ಜೇಬು ಖಾಲಿ. ಊರು ಪರದೇಶ. ಮೈ ಕೆಂಡ.

ಆ ರಾತ್ರಿ ಅವನಿಗೊಂದು ಕನಸು ಬಿತ್ತು. ದೊಡ್ಡ ಬೆಂಕಿ. ಬೆಂಕಿಯೊಳಗಿಂದ ಥಳಥಳ ಹೊಳೆಯುವ ಲೋಹದ ಅಸ್ಥಿಪಂಜರ ಬರ್ತಾ ಇದೆ. ಸೊಂಟದಿಂದ ಕೆಳಗೆ ಏನೂ ಇಲ್ಲ. ಅಡುಗೆಮನೆ ಚಾಕು ಹಿಡಿದು ನೆಲದ ಮೇಲೆ ತೆವಳಿಕೊಂಡು ಬರ್ತಾ ಇದೆ...

ಎದ್ದವನೇ ಕಾಗದ ತಗೊಂಡು ಅದನ್ನ ಬರೆದಿಟ್ಟ. ಹುಡುಗನ ಹೆಸರು ಜೇಮ್ಸ್ ಕ್ಯಾಮರಾನ್. ಪಿಕ್ಚರ್ ಯಾವುದು ಅಂತ ನಿಮಗೆ ಹೇಳಬೇಕೇ? 'ದಿ ಟರ್ಮಿನೇಟರ್'!

ಈಗ ಸ್ವಲ್ಪ ಗಮನ ಕೊಟ್ಟು ಕೇಳಿ. ಕನಸು ಅವನಿಗೆ ಕೊಟ್ಟಿದ್ದು ಒಂದೇ ಒಂದು ಷಾಟು. ಕತೆ ಕೊಡಲಿಲ್ಲ. ಹೀರೋಯಿನ್ ಕೊಡಲಿಲ್ಲ. ಉಳಿದದ್ದನ್ನೆಲ್ಲ ಅವನು ಎಚ್ಚರವಾಗಿ ಕೂತು ಕಟ್ಟಿದ. ಅಸ್ಥಿಪಂಜರ ಬೆಂಕಿಯಿಂದ ಯಾಕೆ ಬರುತ್ತೆ? ಮೇಲಿನ ಮಾಂಸ, ಚರ್ಮ ಸುಟ್ಟು ಹೋಗಿರಬೇಕು. ಹಾಗಾದರೆ ಅದು ಮನುಷ್ಯನ ವೇಷದಲ್ಲಿರೋ ಯಂತ್ರ. ಅಂಥ ಯಂತ್ರ ಎಲ್ಲಿಯದು? ಮುಂದಿನ ಕಾಲದ್ದು. ಆದರೆ ಮುಂದಿನ ಕಾಲದ ಸೆಟ್ಟು ಹಾಕೋಕೆ ದುಡ್ಡೆಲ್ಲಿ? ಸರಿ, ಯಂತ್ರವನ್ನೇ ಈಗಿನ ಕಾಲಕ್ಕೆ ಕರೆಸಿಬಿಟ್ಟರಾಯ್ತು! ಬಡತನವೇ ಅರ್ಧ ಚಿತ್ರಕತೆ ಬರೆಯಿತು ನೋಡಿ.

ಸ್ಕ್ರಿಪ್ಟಿನ ಹಕ್ಕನ್ನ ಗೇಲ್ ಆನ್ ಹರ್ಡ್ ಎಂಬಾಕೆಗೆ ಒಂದೇ ಒಂದು ಡಾಲರಿಗೆ ಮಾರಿದ. ಷರತ್ತು ಏನು? ಡೈರೆಕ್ಟರ್ ತಾನೇ ಆಗಬೇಕು. ಸುಮಾರು 64 ಲಕ್ಷ ಡಾಲರಿನಲ್ಲಿ ಮುಗಿದ ಪಿಕ್ಚರ್ 1984ರ ಅಕ್ಟೋಬರ್ 26ಕ್ಕೆ ತೆರೆಕಂಡಿತು. ಟ್ಯಾಂಕರ್ ಲಾರಿ ಸಿಡಿದು, ಆರ್ನಾಲ್ಡ್ ಮೈ ಸುಟ್ಟು, ಬೆಂಕಿಯಿಂದ ಆ ಅಸ್ಥಿಪಂಜರ ಎದ್ದು ನಿಲ್ಲುವಾಗ ಥಿಯೇಟರಿನಲ್ಲಿ ಉಸಿರು ಬಿಗಿಹಿಡಿದಿರಲ್ಲ... ಅದು ರೋಮ್ ಹೋಟೆಲಿನ ಜ್ವರ! ಆಮೇಲೆ ಅರ್ಧ ಮೈಯಲ್ಲೇ ತೆವಳಿಕೊಂಡು ಹೀರೋಯಿನ್ ಹಿಂದೆ ಬೀಳುತ್ತಲ್ಲ, ಅದೂ ಆ ಜ್ವರದ್ದೇ. ಚಾಕು ಒಂದು ಬಿಟ್ಟರೆ ಮಿಕ್ಕಿದ್ದೆಲ್ಲ ಉಳಿಯಿತು.

ಅಂದ ಹಾಗೆ, ಇವರ ಮನೆತನದಲ್ಲೇ ಕನಸಿನ ವ್ಯಾಪಾರ ಚೆನ್ನಾಗಿದ್ದ ಹಾಗಿದೆ. 12 ಅಡಿ ಎತ್ತರದ ನೀಲಿ ಬಣ್ಣದ ಹೆಂಗಸನ್ನ ಕನಸಿನಲ್ಲಿ ಕಂಡವರು ಕ್ಯಾಮರಾನ್‌ರ ತಾಯಿ. ಕಾಲಿಟ್ಟಲ್ಲೆಲ್ಲ ಬೆಳಗುವ ಕಾಡನ್ನ ಹತ್ತೊಂಬತ್ತನೇ ವಯಸ್ಸಿನಲ್ಲಿ ಕಂಡವರು ಮಗ. ಎರಡೂ ಸೇರಿ 2009ರಲ್ಲಿ 'ಅವತಾರ್' ಆಯಿತು. ಕನಸು ಬಿದ್ದ ಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಕಾದ ಮನುಷ್ಯ!

ಉಷೆ ಕಂಡಳು, ಚಿತ್ರಲೇಖೆ ಬರೆದಳು

ಇದೇನು ಹಾಲಿವುಡ್ಡಿನವರ ಹೊಸ ಕಸುಬು ಅಂದ್ಕೋಬೇಡಿ. ನಮ್ಮ ಭಾಗವತದಲ್ಲೇ ಇದೆ. ಬಾಣಾಸುರನ ಮಗಳು ಉಷೆಗೆ ಕನಸಿನಲ್ಲಿ ಒಬ್ಬ ಸುಂದರ ಕಾಣಿಸಿಕೊಂಡ. ಎದ್ದು ನೋಡಿದರೆ ಯಾರೂ ಇಲ್ಲ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಪಾಪ, ಅತ್ತಳು. ಆಗ ಗೆಳತಿ ಚಿತ್ರಲೇಖೆ ಬಣ್ಣ, ಕುಂಚ ತಗೊಂಡು ಕೂತಳು. ದೇವತೆಗಳು, ಗಂಧರ್ವರು, ಯಾದವರು ಅಂತ ಒಬ್ಬೊಬ್ಬರ ಚಿತ್ರ ಬರೆದು ತೋರಿಸಿದಳು. ಕೃಷ್ಣನ ಮೊಮ್ಮಗ ಅನಿರುದ್ಧನ ಚಿತ್ರ ಬಂದಾಗ ಉಷೆ ನಾಚಿ ತಲೆ ತಗ್ಗಿಸಿದಳು. ಅಷ್ಟು ಸಾಕಾಯ್ತು. ಚಿತ್ರಲೇಖೆ ದ್ವಾರಕೆಗೆ ಹೋಗಿ ಮಲಗಿದ್ದವನನ್ನೇ ಎತ್ತಿಕೊಂಡು ಬಂದಳು!

ಕನಸು ಉಷೆಯದು, ನಿಜ. ಆದರೆ ಚಿತ್ರಲೇಖೆ ಕುಂಚ ಹಿಡಿಯದೇ ಇದ್ದಿದ್ದರೆ ಉಷೆ ಅಳುತ್ತಾ ಕೂತಿರಬೇಕಾಗಿತ್ತು. ನಾನಂತೂ ಚಿತ್ರಲೇಖೆಯನ್ನ ನಮ್ಮ ದೇಶದ ಮೊದಲನೇ ಆರ್ಟ್ ಡೈರೆಕ್ಟರ್ ಅಂತಲೇ ಕರೀತೀನಿ. ಉಷೆಗೆ ಬಿದ್ದಿದ್ದು ಸಿಹಿ ಕನಸು. ಕೆಟ್ಟ ಕನಸಿಗೂ ಇದೇ ಲೆಕ್ಕ ಅನ್ವಯಿಸುತ್ತೆ ಅನ್ನೋದು ನನ್ನ ವಾದ.

ಹದಿನೆಂಟರ ತಾಯಿ

1816ರ ಜೂನ್. ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ಪಕ್ಕ ಒಂದು ಬಂಗಲೆ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಬೂದಿ ಆಕಾಶಕ್ಕೆ ಹೋಗಿ, ಯೂರೋಪಿಗೆ ಆ ವರ್ಷ ಬೇಸಿಗೆಯೇ ಬರಲಿಲ್ಲ. ಸದಾ ಮಳೆ. ಹೊರಗೆ ಹೋಗೋಕಾಗದೆ ಕವಿ ಬೈರನ್ ತನ್ನ ಅತಿಥಿಗಳಿಗೆ ಹೇಳಿದ: ಎಲ್ಲರೂ ಒಂದೊಂದು ದೆವ್ವದ ಕತೆ ಬರೆಯೋಣ!

ಅತಿಥಿಗಳಲ್ಲಿ ಒಬ್ಬಳು ಮೇರಿ. ಮುಂದೆ ಕವಿ ಷೆಲ್ಲಿಯ ಹೆಂಡತಿ. ಆಗ ವಯಸ್ಸು ಹದಿನೆಂಟು. ದಿನಗಟ್ಟಲೆ ಏನೂ ಹೊಳೆಯಲಿಲ್ಲ. ಕೊನೆಗೊಂದು ರಾತ್ರಿ ಅತ್ತ ನಿದ್ದೆಯೂ ಅಲ್ಲ ಇತ್ತ ಎಚ್ಚರವೂ ಅಲ್ಲ ಅನ್ನೋ ಹೊತ್ತಿನಲ್ಲಿ, ಮುಚ್ಚಿದ ಕಣ್ಣಿನೆದುರು ಒಂದು ದೃಶ್ಯ ಬಂತು. ತಾನು ಜೋಡಿಸಿದ ದೇಹದ ಪಕ್ಕ ಒಬ್ಬ ವಿದ್ಯಾರ್ಥಿ ಮಂಡಿಯೂರಿ ಕೂತಿದ್ದಾನೆ. ಆ ದೇಹ ಅಲುಗಾಡುತ್ತೆ. ಹೆದರಿ ಓಡಿಹೋಗಿ ಅವನು ಮಲಗಿದರೆ, ಅದು ಬಂದು ಹಾಸಿಗೆಯ ಪರದೆ ಸರಿಸಿ ಅವನನ್ನೇ ನೋಡುತ್ತೆ... ಇಷ್ಟನ್ನೂ ಆಕೆಯೇ 1831ರ ಮುದ್ರಣದ ಮುನ್ನುಡಿಯಲ್ಲಿ ಬರೆದುಕೊಂಡಿದ್ದಾಳೆ. 'ಫ್ರಾಂಕೆನ್‌ಸ್ಟೈನ್' ಕಾದಂಬರಿ 1818ರ ಜನವರಿಯಲ್ಲಿ ಹೊರಬಂತು.

ಆದರೆ ಇದಕ್ಕೂ ಹಿಂದೆ ಇನ್ನೊಂದು ಕನಸಿದೆ. ಅದನ್ನ ಹೇಳದೆ ಬಿಟ್ಟರೆ ಮೇರಿಗೆ ಅನ್ಯಾಯ ಮಾಡಿದ ಹಾಗೆ. 1815ರಲ್ಲಿ ಅವಳಿಗೆ ತಿಂಗಳು ತುಂಬದ ಹೆಣ್ಣು ಮಗು ಹುಟ್ಟಿ ಕೆಲವೇ ದಿನಕ್ಕೆ ತೀರಿಕೊಂಡಿತ್ತು. ಆ ಮಾರ್ಚಿನಲ್ಲಿ ಅವಳು ಡೈರಿಯಲ್ಲಿ ಬರೆದಳು: ಮಗು ಸತ್ತಿರಲಿಲ್ಲ, ಬರೀ ತಣ್ಣಗಾಗಿತ್ತು, ಬೆಂಕಿಯ ಮುಂದೆ ಮೈ ತಿಕ್ಕಿದ ಮೇಲೆ ಜೀವ ಬಂತು ಅಂತ ಕನಸು ಕಂಡೆ ಎಂದು. ಎದ್ದು ನೋಡಿದರೆ ಮಗು ಇಲ್ಲ.

ಸತ್ತದ್ದಕ್ಕೆ ಜೀವ ಬರುವ ಕತೆಯನ್ನ ಅವಳೇ ಯಾಕೆ ಬರೆದಳು ಅಂತ ಇನ್ನು ನಾನು ವಿವರಿಸಬೇಕೇ? 1931ರ ಪಿಕ್ಚರಿನಲ್ಲಿ ಜ್ಯಾಕ್ ಪಿಯರ್ಸ್ ಮಾಡಿದ ಮೇಕಪ್ಪು, ಆ ಚಪ್ಪಟೆ ತಲೆ, ಕತ್ತಿನ ಮೊಳೆ ಎಲ್ಲ ಆಮೇಲಿನದು. ಟೈಟಲ್ ಕಾರ್ಡಿನಲ್ಲಿ ರಾಕ್ಷಸನ ಪಾತ್ರದ ಎದುರು ನಟ ಬೋರಿಸ್ ಕಾರ್ಲಾಫ್ ಹೆಸರು ಹಾಕದೆ ಬರೀ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಆದರೂ ಆ ರಾಕ್ಷಸನ ಕಣ್ಣು ನೋಡಿದರೆ ಹೆದರಿಕೆಗಿಂತ ಹೆಚ್ಚಾಗಿ ಅಯ್ಯೋ ಅನ್ನಿಸುತ್ತೆ. ಬೇರಿನಲ್ಲೇ ಅಳು ಇತ್ತಲ್ಲ!

ಡಬಲ್ ರೋಲಿನ ಅಜ್ಜ

ನಮ್ಮವರಿಗೆ ಡಬಲ್ ರೋಲ್ ಅಂದ್ರೆ ಪ್ರಾಣ. ಆದರೆ ಒಂದೇ ಮೈಯಲ್ಲಿ ಹೀರೋ, ವಿಲನ್ ಇಬ್ಬರೂ ಇರೋ ಕತೆಗಳಿಗೆಲ್ಲ ಒಬ್ಬ ಅಜ್ಜ ಇದ್ದಾನೆ. 1885ರಲ್ಲಿ ಇಂಗ್ಲೆಂಡಿನ ಬೋರ್ನ್‌ಮತ್ ಊರಿನಲ್ಲಿ ರಾಬರ್ಟ್ ಲೂಯಿ ಸ್ಟೀವನ್‌ಸನ್ ಅನ್ನೋ ಲೇಖಕ ನಿದ್ದೆಯಲ್ಲಿ ಕಿರುಚಿದ. ಹೆಂಡತಿ ಗಾಬರಿಯಿಂದ ಅಲ್ಲಾಡಿಸಿ ಎಬ್ಬಿಸಿದಳು. ಅವನಿಗೆ ಬಂತು ಸಿಟ್ಟು, "ಒಳ್ಳೇ ದೆವ್ವದ ಕತೆ ಕಾಣ್ತಾ ಇದ್ದೆ, ಯಾಕೆ ಎಬ್ಬಿಸಿದೆ" ಅನ್ನೋ ಧಾಟಿಯಲ್ಲಿ!

ಒಬ್ಬ ಮನುಷ್ಯ ಪುಡಿ ನುಂಗಿ, ಹಿಂದೆ ಬಿದ್ದವರ ಕಣ್ಣೆದುರೇ ಬೇರೆ ಮನುಷ್ಯನಾಗೋ ದೃಶ್ಯ ಆ ಕನಸಿನದು. ಅದು 'ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್' ಆಗಿ 1886ರಲ್ಲಿ ಅಚ್ಚಾಯಿತು. 1931ರ ಪಿಕ್ಚರಿನಲ್ಲಿ ಫ್ರೆಡ್ರಿಕ್ ಮಾರ್ಚ್ ಕಟ್ ಇಲ್ಲದೆ ಮುಖ ಬದಲಾಯಿಸಿದ್ದು ನೋಡಿ ಜನ ತಲೆ ಕೆರೆದುಕೊಂಡರು. ಗುಟ್ಟು ಇಷ್ಟೇ: ಮುಖಕ್ಕೆ ಬಣ್ಣ ಬಣ್ಣದ ಮೇಕಪ್ಪು, ಕ್ಯಾಮೆರಾ ಮುಂದೆ ಬಣ್ಣದ ಫಿಲ್ಟರ್. ಪಿಕ್ಚರ್ ಬ್ಲ್ಯಾಕ್ ಅಂಡ್ ವೈಟು. ಫಿಲ್ಟರ್ ಬದಲಾಯಿಸಿದ ಹಾಗೆ ಅಡಗಿದ್ದ ಗೆರೆಗಳು ಎದ್ದು ಬರ್ತಿದ್ದವು. ಆ ಪಾತ್ರಕ್ಕೆ ಅವನಿಗೆ ಆಸ್ಕರ್ ಸಿಕ್ಕಿತು.

ಇನ್ನು ಸ್ವಿಟ್ಜರ್ಲೆಂಡಿನ ಹೆಚ್. ಆರ್. ಗೀಗರ್ ಅನ್ನೋ ಕಲಾವಿದನಿಗೆ ಇದು ಒಂದು ರಾತ್ರಿಯ ಪಾಡಲ್ಲ. ಭಯಾನಕ ಕನಸುಗಳ ಕಾಟ ತಡೆಯಲಾರದೆ ಅದನ್ನೆಲ್ಲ ಬರೆದು ಬರೆದು ಹೊರಗೆ ಹಾಕಿದ. ಅವನ 1976ರ ಒಂದು ಚಿತ್ರವನ್ನ ಪುಸ್ತಕದಲ್ಲಿ ಕಂಡ ರಿಡ್ಲಿ ಸ್ಕಾಟ್ ಕುಣಿದಾಡಿಬಿಟ್ಟ. 'ಏಲಿಯನ್' (1979) ಪಿಕ್ಚರಿನ ಉದ್ದ ತಲೆಯ ಪ್ರಾಣಿ ಅದೇ. ಗೀಗರನಿಗೂ ಆಸ್ಕರ್ ಪಾಲು ಬಂತು. ಬೇರೆಯವರಾಗಿದ್ದರೆ ನಿದ್ದೆ ಮಾತ್ರೆ ಹುಡುಕುತ್ತಿದ್ದರು!

ಎದೆ ಮೇಲೆ ಕೂರೋನು ಯಾರು?

ಈಗ ಹೆಸರಿಲ್ಲದ ಕಾಗದದ ತಮ್ಮನಿಗೆ ಉತ್ತರ. ತಮ್ಮಾ, ನೀನೊಬ್ಬನೇ ಅಲ್ಲ. ನಿನಗೆ ಹುಚ್ಚೂ ಹಿಡಿದಿಲ್ಲ.

ನಾವು ಕನಸು ಕಾಣುವ ಹೊತ್ತಿನಲ್ಲಿ ಮಿದುಳು ಮೈಯ ಸ್ನಾಯುಗಳಿಗೆಲ್ಲ ಬೀಗ ಹಾಕಿರುತ್ತೆ. ಇಲ್ಲದಿದ್ದರೆ ಕನಸಿನಲ್ಲಿ ಫೈಟಿಂಗ್ ಮಾಡೋನು ಪಕ್ಕದಲ್ಲಿ ಮಲಗಿದ ತಮ್ಮನಿಗೆ ನಿಜವಾಗಲೂ ಒದೀತಾನಲ್ಲ! ಒಮ್ಮೊಮ್ಮೆ ಏನಾಗುತ್ತೆ, ಬೀಗ ತೆಗೆಯೋಕೆ ಮುಂಚೆ ಎಚ್ಚರ ಆಗಿಬಿಡುತ್ತೆ. ಕಣ್ಣು ತೆರೆದಿದೆ, ರೂಮು ಕಾಣ್ತಾ ಇದೆ, ಆದರೆ ಕನಸಿನ ರೀಲು ಇನ್ನೂ ಓಡ್ತಾ ಇದೆ. ಎದೆಯ ಸ್ನಾಯುಗಳೂ ಸಡಿಲ ಆಗಿರೋದರಿಂದ ದೀರ್ಘವಾಗಿ ಉಸಿರೆಳೆಯೋಕೆ ಆಗೋಲ್ಲ. ಅದೇ ಆ ಭಾರ. ಹೆದರಿದ ಮಿದುಳು ಆ ಭಾರಕ್ಕೊಂದು ಆಕಾರ ಕೊಡುತ್ತೆ. ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ, ಆಮೇಲೆ ಬೀಗ ತಾನಾಗಿ ತೆಗೆಯುತ್ತೆ.

ಇದಕ್ಕೆ ನಿದ್ರಾ ಪಾರ್ಶ್ವವಾಯು ಅಂತಾರೆ. ಹೆಸರು ಕೇಳಿ ಗಾಬರಿ ಬೇಡ. ಹಲವು ದೇಶಗಳ ಅಧ್ಯಯನಗಳನ್ನ ಒಟ್ಟುಗೂಡಿಸಿ 2011ರಲ್ಲಿ ಹಾಕಿದ ಲೆಕ್ಕದ ಪ್ರಕಾರ ನೂರು ಜನರಲ್ಲಿ ಏಳೆಂಟು ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಆಗಿದೆ. ಅದೇ ವಿದ್ಯಾರ್ಥಿಗಳಲ್ಲಾದರೆ ನೂರಕ್ಕೆ 28! ಹೊತ್ತುಗೊತ್ತಿಲ್ಲದ ನಿದ್ದೆ, ನಿದ್ದೆಗೇಡು, ಚಿಂತೆ, ಅಂಗಾತ ಮಲಗೋದು... ಇವೇ ಕಾರಣಗಳು. ಸೆಕೆಂಡ್ ಷೋ ಮುಗಿಸಿ, ಆಮೇಲೆ ಮೊಬೈಲ್ ಹಿಡಿದು, ಮೂರು ಗಂಟೆಗೆ ಅಂಗಾತ ಬೀಳೋರು ಇದನ್ನ ಎರಡು ಸಲ ಓದಿ!

ದೇಶ ದೇಶಗಳು ಈ ಭಾರಕ್ಕೆ ಬೇರೆ ಬೇರೆ ಮುಖ ಕೊಟ್ಟಿವೆ. ಇಂಗ್ಲಿಷಿನ 'ನೈಟ್‌ಮೇರ್' ಪದದಲ್ಲಿರೋ 'ಮೇರ್' ಹೆಣ್ಣು ಕುದುರೆ ಅಲ್ಲ, ಮಲಗಿದವರ ಎದೆ ಮೇಲೆ ಕೂರುವ ಪಿಶಾಚಿ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನವರಿಗೆ ಅವಳು ಮುದುಕಿ. 1781ರಲ್ಲಿ ಹೆನ್ರಿ ಫ್ಯೂಸೆಲಿ ಬರೆದ ಚಿತ್ರದಲ್ಲಿ ಕುಳ್ಳ ರಾಕ್ಷಸನೊಬ್ಬ ಮಲಗಿದ ಹೆಣ್ಣಿನ ಎದೆ ಮೇಲೆ ಕುಕ್ಕರಗಾಲಲ್ಲಿ ಕೂತು ನಮ್ಮ ಕಡೆ ತಿರುಗಿ ನೋಡ್ತಾನೆ. ನಮ್ಮೂರುಗಳಲ್ಲಿ ಅವನೇ ಮೋಹಿನಿ, ಅವನೇ ದೆವ್ವ. ವಿಲನ್ ಒಬ್ಬನೇ, ಮೇಕಪ್ ಬೇರೆ ಬೇರೆ!

ಫ್ರೆಡ್ಡಿಯ ಹಿಂದಿನ ನಿಜ

'ಟರ್ಮಿನೇಟರ್' ಬಂದ ಎರಡೇ ವಾರಕ್ಕೆ, 1984ರ ನವೆಂಬರ್ 9ಕ್ಕೆ, ಇನ್ನೊಬ್ಬ ವಿಲನ್ ತೆರೆಗೆ ಬಂದ. ಸುಟ್ಟ ಮುಖ, ಹ್ಯಾಟು, ಬೆರಳಿಗೆ ಕತ್ತಿ. ಕನಸಿನಲ್ಲೇ ಬಂದು ಕೊಲ್ಲೋ ಫ್ರೆಡ್ಡಿ ಕ್ರೂಗರ್. 'ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್'. ಜಾನಿ ಡೆಪ್‌ನ ಮೊದಲ ಚಿತ್ರ ಇದು.

ಡೈರೆಕ್ಟರ್ ವೆಸ್ ಕ್ರೇವನ್‌ಗೆ ಇದು ಹೊಳೆದದ್ದು ಪೇಪರ್ ಓದಿ. ಲಾವೋಸ್ ಮೊದಲಾದ ದೇಶಗಳಿಂದ ಯುದ್ಧ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದ ನಿರಾಶ್ರಿತರಲ್ಲಿ ಗಟ್ಟಿಮುಟ್ಟಾದ ಯುವಕರು ನಿದ್ದೆಯಲ್ಲೇ ಸಾಯ್ತಾ ಇದ್ದರು. 1981ರ ಡಿಸೆಂಬರಿನ ಸರ್ಕಾರಿ ವರದಿಯಲ್ಲಿ ಇಂಥ 38 ಸಾವುಗಳ ಲೆಕ್ಕ ಇತ್ತು, ಹೆಚ್ಚುಕಮ್ಮಿ ಎಲ್ಲರೂ ಗಂಡಸರು. ಒಬ್ಬ ಹುಡುಗ ಕನಸಿಗೆ ಹೆದರಿ ದಿನಗಟ್ಟಲೆ ನಿದ್ದೆ ಮಾಡದೆ, ಕದ್ದು ಕಾಫಿ ಕುಡಿದು ಕೂತಿದ್ದನಂತೆ. ಕೊನೆಗೆ ನಿದ್ದೆ ಹತ್ತಿತು, ಚೀರಿದ, ಮನೆಯವರು ಓಡಿಬರುವಷ್ಟರಲ್ಲಿ ಪ್ರಾಣ ಇರಲಿಲ್ಲ. ಕ್ರೇವನ್ ಹೇಳಿಕೊಂಡಿದ್ದು ಇದು. ಫ್ರೆಡ್ಡಿಯ ಹ್ಯಾಟು ಎಲ್ಲಿಂದ ಬಂತು? ಚಿಕ್ಕಂದಿನಲ್ಲಿ ಒಂದು ರಾತ್ರಿ ಬೀದಿಯಿಂದ ತನ್ನ ಕಿಟಕಿಯನ್ನೇ ದಿಟ್ಟಿಸಿದ ಅಪರಿಚಿತನಿಂದ. ಅದನ್ನೂ ಅವನು ಮರೆತಿರಲಿಲ್ಲ.

ಆ ಯುವಕರನ್ನ ದೆವ್ವ ಕೊಂದಿತಾ? ಇಲ್ಲ ಸ್ವಾಮಿ. ಹೃದಯದ ವಿದ್ಯುತ್ತಿನಲ್ಲಿ ಹುಟ್ಟಿನಿಂದಲೇ ಬರುವ ಒಂದು ದೋಷವನ್ನ 1992ರಲ್ಲಿ ಬ್ರುಗಾಡಾ ಅನ್ನೋ ಅಣ್ಣತಮ್ಮಂದಿರು ವಿವರಿಸಿದರು. ಏಷ್ಯಾದ ಈ ನಿದ್ದೆ ಸಾವುಗಳಲ್ಲಿ ಅನೇಕವು ಅದೇ ಜಾತಿಯವು ಅಂತ ಆಮೇಲೆ ತಿಳಿಯಿತು. ಎದೆ ಮೇಲೆ ಕೂತ ಅನುಭವಕ್ಕೂ ಇದಕ್ಕೂ ಗಂಟು ಹಾಕಬೇಡಿ. ಮೈ ಬೀಗ ಬೀಳೋದರಿಂದ ಯಾರೂ ಸಾಯೋದಿಲ್ಲ. ಆದರೆ ನಿಮ್ಮ ಮನೆತನದಲ್ಲಿ ಯಾರಾದರೂ ಎಳೇ ವಯಸ್ಸಿನಲ್ಲಿ ಮಲಗಿದವರು ಏಳದೇ ಹೋಗಿದ್ದರೆ, ಅಥವಾ ನಿಮಗೇ ಕಾರಣವಿಲ್ಲದೆ ಪ್ರಜ್ಞೆ ತಪ್ಪುತ್ತಿದ್ದರೆ, ತಾಯತಕ್ಕೆ ಕೊಡೋ ದುಡ್ಡನ್ನ ಬಸ್ ಛಾರ್ಜಿಗೆ ಇಟ್ಟುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗಿ ಒಂದು ಇ.ಸಿ.ಜಿ. ತೆಗೆಸಿ. ಇದನ್ನ ತಮಾಷೆಗೆ ಹೇಳ್ತಾ ಇಲ್ಲ.

ಕ್ಲೈಮ್ಯಾಕ್ಸ್ ನಿಮ್ಮ ಕೈಲಿ

ಹಾಗಾದರೆ ಪದೇ ಪದೇ ಅದೇ ಕೆಟ್ಟ ಕನಸು ಬೀಳೋರು ಏನು ಮಾಡಬೇಕು? ವೈದ್ಯರು ಕಲಿಸೋ ಉಪಾಯ ಕೇಳಿದರೆ ನೀವು ನಗ್ತೀರಿ, ಯಾಕಂದರೆ ಅದು ಚಿತ್ರಕತೆ ಬರೆಯೋರ ಕೆಲಸ! ಹಗಲು ಹೊತ್ತು ಕೂತು ಕನಸನ್ನ ಕಾಗದದ ಮೇಲೆ ಬರೀರಿ. ಆಮೇಲೆ ನಿಮಗೆ ಬೇಕಾದ ಹಾಗೆ ಬದಲಾಯಿಸಿ. ಕ್ಲೈಮ್ಯಾಕ್ಸ್ ಬೇರೆ ಮಾಡಿ. ಬದಲಾಯಿಸಿದ ಕನಸನ್ನ ದಿನಾ ಹತ್ತಿಪ್ಪತ್ತು ನಿಮಿಷ ಕಣ್ಮುಚ್ಚಿ ಮನಸ್ಸಿನಲ್ಲೇ ರಿಹರ್ಸಲ್ ಮಾಡಿ. ಅತ್ಯಾಚಾರಕ್ಕೆ ಒಳಗಾಗಿ ವರ್ಷಗಟ್ಟಲೆ ಕೆಟ್ಟ ಕನಸಿನಲ್ಲಿ ಬೆಂದ ಹೆಣ್ಣುಮಕ್ಕಳ ಮೇಲೆ ಅಮೆರಿಕದಲ್ಲಿ ಇದನ್ನ ಪ್ರಯೋಗಿಸಿ ನೋಡಿದರು. ಕನಸಿನ ಕಾಟ ಗಣನೀಯವಾಗಿ ಇಳಿಯಿತು ಅಂತ 2001ರಲ್ಲಿ ವರದಿ ಆಯಿತು. ಅವರು ದಾಟಿದ ಹೊಳೆಯ ಮುಂದೆ ನಮ್ಮದು ಎಷ್ಟರದು?

ಎದೆ ಮೇಲೆ ಕೂರೋನಿಗೆ ಇನ್ನೂ ಸುಲಭದ ಉಪಾಯ ಇದೆ. ಮಗ್ಗುಲಾಗಿ ಮಲಗಿ, ದಿನಾ ಒಂದೇ ಹೊತ್ತಿಗೆ ಮಲಗಿ. ಆದರೂ ಬಂದನೇ? ಇಡೀ ಮೈ ಜಗ್ಗಾಡಬೇಡಿ, ಒಂದೇ ಒಂದು ಕಾಲ್ಬೆರಳು ಅಲ್ಲಾಡಿಸೋಕೆ ನೋಡಿ. ಮೇಲಿಂದ ಮೇಲೆ ಬಂದು ನಿದ್ದೆ ಕೆಡಿಸಿದರೆ ಡಾಕ್ಟರಿಗೆ ಹೇಳಿ, ನಾಚಿಕೆ ಬೇಡ.

ಕ್ಯಾಮರಾನ್‌ಗೆ ಜ್ವರ ಇತ್ತು, ಕಾಸಿರಲಿಲ್ಲ. ಮೇರಿಗೆ ಮಗು ಇರಲಿಲ್ಲ. ಗೀಗರನಿಗೆ ನಿದ್ದೆ ಇರಲಿಲ್ಲ. ನಮಗೂ ಒಂದೊಂದು ಇಲ್ಲ ಇದ್ದೇ ಇರುತ್ತೆ, ರಾತ್ರಿ ಹೊತ್ತು ಅದು ಮುಖ ಹಾಕಿಕೊಂಡು ಬರುತ್ತೆ. ಎಲ್ಲರ ಕನಸೂ ಹೌಸ್‌ಫುಲ್ ಆಗಬೇಕಾಗಿಲ್ಲ. ಹಾಸಿಗೆ ಪಕ್ಕ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ ಇಟ್ಟುಕೊಳ್ಳಿ, ಖರ್ಚು ಒಂದು ಗಾಂಧಿಕ್ಲಾಸ್ ಟಿಕೆಟ್ಟಿಗಿಂತ ಕಡಿಮೆ.

ಬರೆದದ್ದನ್ನ ನಮಗೂ ಕಳಿಸಿ. ಹೆಸರು ಹಾಕದಿದ್ದರೂ ಚಿಂತೆ ಇಲ್ಲ, ಕ್ಲೈಮ್ಯಾಕ್ಸ್ ಮಾತ್ರ ನಿಮ್ಮದೇ ಆಗಿರಲಿ. ಬರಲೇ?